ನಿರ್ಧರಿಸಲಾರದವರ ಪರವಾಗಿ ಸಂಶೋಧನೆಗೆ ಸಹಿ ಹಾಕುವವರು ಯಾರು?

ಬಸವನಗುಡಿ ಓದುಗ

ನಗರದ ಒಂದು ಸಂಸ್ಥೆಯ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಸಂಶೋಧನಾ ಪ್ರಸ್ತಾವಗಳನ್ನು ಪರಿಶೀಲಿಸಿ ಅನುಮತಿ ಕೊಡುವ ನೀತಿ ಸಮಿತಿಯಲ್ಲಿ, ನಾನು ಸಾಮಾನ್ಯ ನಾಗರಿಕರ ಸ್ಥಾನದಲ್ಲಿರುವ ಸದಸ್ಯ. ವೈದ್ಯಕೀಯವೂ ಕಾನೂನೂ ನನ್ನ ಕ್ಷೇತ್ರವಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಇಂತಹ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು, ಅವರಲ್ಲಿ ಅರ್ಧದಷ್ಟು ಜನ ಆ ಸಂಸ್ಥೆಗೆ ಸೇರದವರಾಗಿರಬೇಕು, ಒಬ್ಬರಾದರೂ ನನ್ನಂತಹ ಸಾಮಾನ್ಯರಾಗಿರಬೇಕು. ಆ ಸ್ಥಾನದಲ್ಲಿ ಕುಳಿತವನ ಕೆಲಸ ಪ್ರಶ್ನೆ ಕೇಳುವುದೇ ಎಂದು ತಿಳಿದು ಇಲ್ಲಿಯೂ ಕೇಳುತ್ತಿದ್ದೇನೆ.

ಇತ್ತೀಚೆಗೆ ನಮ್ಮ ಮುಂದೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಕುರಿತ ಒಂದು ಪ್ರಸ್ತಾವ ಬಂದಿತು. ಗೌಪ್ಯತೆಯ ಕಾರಣಕ್ಕೆ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತೇನೆ. ಕಾಯಿಲೆ ಮಧ್ಯಮ ಹಂತಕ್ಕೆ ಬಂದಿರುವವರನ್ನು ಆರಿಸಿಕೊಂಡು ಕೆಲವು ತಿಂಗಳ ಕಾಲ ತರಬೇತಿ ಕೊಡುವುದು, ನಡುವೆ ಎಂ.ಆರ್.ಐ. ಮಾಡುವುದು, ಒಮ್ಮೆ ಬೆನ್ನಿನ ನೀರು ತೆಗೆದು ಪರೀಕ್ಷಿಸುವುದು ಅದರ ಸ್ಥೂಲ ರೂಪ. ನಲವತ್ತು ಪುಟಗಳ ಆ ಪ್ರೋಟೋಕಾಲಿನಲ್ಲಿ ಒಪ್ಪಿಗೆಯ ಬಗ್ಗೆ ಇದ್ದದ್ದು ಒಂದೇ ವಾಕ್ಯ: ರೋಗಿಗೆ ಸಹಿ ಮಾಡಲು ಆಗದಿದ್ದಲ್ಲಿ ಕುಟುಂಬದ ಸದಸ್ಯರಿಂದ ಸಹಿ ಪಡೆಯಲಾಗುವುದು.

ಯಾವ ಸದಸ್ಯರು? ಯಾವ ಕಾನೂನಿನ ಬಲದಿಂದ? ಅದಕ್ಕೂ ಮೊದಲು, ಆ ವ್ಯಕ್ತಿಗೆ ಆಗುವುದಿಲ್ಲ ಎಂದು ತೀರ್ಮಾನಿಸುವವರು ಯಾರು? ಗಂಡನ ಖಾತೆಯಿಂದ ಹಣ ತೆಗೆಯಲು ಹೆಂಡತಿ ಬಂದರೂ ಅಧಿಕಾರಪತ್ರ ಕೇಳುತ್ತಿದ್ದ ಕೆಲಸದಿಂದ ಬಂದವನು ನಾನು. ಬೆನ್ನಿಗೆ ಸೂಜಿ ಚುಚ್ಚಲು ಅಷ್ಟು ಕಾಗದವೂ ಬೇಡವೇ ಎಂದು ಸಭೆಯಲ್ಲಿ ಕೇಳಿದಾಗ, ಎಲ್ಲ ಕಡೆಯೂ ಹೀಗೆಯೇ ನಡೆಯುತ್ತದೆ ಎಂಬ ಉತ್ತರ ಬಂದಿತು. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮಲ್ಲೇಶ್ವರದ ವಕೀಲೆ

ತಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ತಗುಲಿದೆ. ನಮ್ಮ ದೇಶದಲ್ಲಿ ವಯಸ್ಕರೊಬ್ಬರ ಪರವಾಗಿ ಸಂಶೋಧನೆಗೆ ಒಪ್ಪಿಗೆ ಕೊಡುವ ಅಧಿಕಾರ ಕೇವಲ ಸಂಬಂಧದ ಕಾರಣಕ್ಕೆ ಹೆಂಡತಿಗಾಗಲಿ ಮಗನಿಗಾಗಲಿ ತಾನಾಗಿ ಬರುವುದಿಲ್ಲ. ಮೇಲೆ ಹೇಳಿದ 2019ರ ನಿಯಮಗಳು, ಪ್ರಜ್ಞೆ ಇಲ್ಲದವರು ಅಥವಾ ತೀವ್ರ ಮಾನಸಿಕ ಕಾಯಿಲೆ ಇರುವವರು ಒಪ್ಪಿಗೆ ಕೊಡಲಾಗದಿದ್ದರೆ ಕಾನೂನುಸಮ್ಮತ ಪ್ರತಿನಿಧಿಯಿಂದ ಅದನ್ನು ಪಡೆಯಬಹುದು ಎನ್ನುತ್ತವೆ. ಆದರೆ ಆ ಪ್ರತಿನಿಧಿ ಯಾರೆಂದರೆ, ಭಾರತದ ಕಾನೂನುಗಳ ಪ್ರಕಾರ ಅಂತಹ ಅಧಿಕಾರ ಉಳ್ಳವರು ಎಂದು ಹೇಳಿ ನಿಲ್ಲಿಸುತ್ತವೆ. ಹಾಗಾಗಿ ನಾವು ಬೇರೆ ಕಾನೂನುಗಳ ಬಾಗಿಲು ತಟ್ಟಬೇಕಾಗುತ್ತದೆ, ಮತ್ತು ಅಲ್ಲಿ ಒಂದಕ್ಕೊಂದು ಹೊಂದದ ಉತ್ತರಗಳು ಸಿಗುತ್ತವೆ.

ಮೊದಲನೆಯದು 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಅದರ 99ನೆಯ ಕಲಮು ಸಂಶೋಧನೆಗೇ ಮೀಸಲು. ಮಾನಸಿಕ ಕಾಯಿಲೆ ಇರುವ ವ್ಯಕ್ತಿಯನ್ನು ಸಂದರ್ಶನ ಮಾಡುವುದಕ್ಕೂ, ಮಾನಸಿಕ, ಭೌತಿಕ, ರಾಸಾಯನಿಕ ಅಥವಾ ಔಷಧೀಯ ಪ್ರಯೋಗಕ್ಕೆ ಒಳಪಡಿಸುವುದಕ್ಕೂ ಆ ವ್ಯಕ್ತಿಯ ಮುಕ್ತ ಹಾಗೂ ತಿಳಿದು ಕೊಟ್ಟ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಲು ಆಗದ, ಆದರೆ ಭಾಗವಹಿಸಲು ಪ್ರತಿರೋಧವನ್ನೂ ತೋರದ ವ್ಯಕ್ತಿಯ ಮೇಲೆ ಇಂತಹ ಪ್ರಯೋಗ ನಡೆಸಬೇಕಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು. ಪ್ರಾಧಿಕಾರವು ನಾಮನಿರ್ದೇಶಿತ ಪ್ರತಿನಿಧಿಯ ಒಪ್ಪಿಗೆಯ ಮೇಲೆ ಅನುಮತಿ ಕೊಡಬಹುದು; ಆದರೆ ಅದೇ ಸಂಶೋಧನೆಯನ್ನು ಒಪ್ಪಿಗೆ ಕೊಡಬಲ್ಲವರ ಮೇಲೆ ಮಾಡಲು ಸಾಧ್ಯವಿಲ್ಲವೆಂದೂ, ಅದು ಆ ಬಗೆಯ ಕಾಯಿಲೆ ಇರುವವರ ಮಾನಸಿಕ ಆರೋಗ್ಯಕ್ಕೆ ಅಗತ್ಯವಾದುದೆಂದೂ, ನಡೆಸುವವರ ಹಿತಾಸಕ್ತಿಗಳೆಲ್ಲ ಬಹಿರಂಗವಾಗಿದ್ದು ಅವುಗಳಲ್ಲಿ ಸಂಘರ್ಷವಿಲ್ಲವೆಂದೂ, ಸಂಸ್ಥೆಯ ನೀತಿ ಸಮಿತಿಯ ಅನುಮೋದನೆ ಸಿಕ್ಕಿದೆಯೆಂದೂ ಅದಕ್ಕೆ ಮನವರಿಕೆ ಆಗಬೇಕು. ಅಂದರೆ ತಮ್ಮ ಸಮಿತಿ ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಡಿಮೆನ್ಷಿಯಾ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಯೇ ಎಂದು ಕೇಳುವವರಿಗೆ, ಅದರ ವ್ಯಾಖ್ಯೆಯಲ್ಲಿ ನೆನಪಿನ ಮತ್ತು ಸ್ಥಳ-ಕಾಲಗಳ ಅರಿವಿನ ಗಂಭೀರ ತೊಂದರೆಯೂ ಸೇರಿದೆ ಎಂಬುದನ್ನು ತೋರಿಸಬಹುದು.

ನಾಮನಿರ್ದೇಶಿತ ಪ್ರತಿನಿಧಿ ಎಂದರೆ ದೊಡ್ಡ ದಾಖಲೆಯೇನೂ ಅಲ್ಲ. 14ನೆಯ ಕಲಮಿನ ಪ್ರಕಾರ ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಹಾಗೆ ಯಾರನ್ನೂ ಹೆಸರಿಸದಿದ್ದರೆ ಸಂಬಂಧಿ, ಆರೈಕೆ ಮಾಡುವವರು, ಈ ಕಾಯ್ದೆಯ ಪರಿಶೀಲನಾ ಮಂಡಳಿ ನೇಮಿಸಿದವರು ಎಂಬ ಕ್ರಮದಲ್ಲಿ ಜವಾಬ್ದಾರಿ ಇಳಿಯುತ್ತದೆ. ತಮ್ಮ ಪ್ರೋಟೋಕಾಲಿನ "ಕುಟುಂಬದ ಸದಸ್ಯರು" ಇಲ್ಲಿಂದ ಒಳಗೆ ಬರಬಹುದು, ಆದರೆ ಪ್ರಾಧಿಕಾರದ ಅನುಮತಿ ಇಲ್ಲದೆ ಬರಲಾಗದು.

ನರರೋಗ ವೈದ್ಯ, ಬೆಂಗಳೂರು ದಕ್ಷಿಣ

ವಕೀಲರು ಹೇಳಿದ ಕಾನೂನನ್ನು ಒಪ್ಪುತ್ತೇನೆ. ಆದರೆ ಈ ಚರ್ಚೆ ಪೂರ್ತಿಯಾಗಿ ತಡೆಯುವ ದಿಕ್ಕಿನಲ್ಲೇ ಹೋಗಬಾರದೆಂಬ ಕಾರಣಕ್ಕೆ ಎರಡು ಮಾತು ಬರೆಯುತ್ತೇನೆ. ದೇಶದಾದ್ಯಂತ ನಡೆದ ಲಾಸಿ-ಡ್ಯಾಡ್ ಸಮೀಕ್ಷೆಯ ಅಂದಾಜಿನಂತೆ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ಸಂಶೋಧನೆಗೆ ಸುಲಭವಾಗಿ ಸಿಗುವವರು ಕಾಯಿಲೆಯ ಆರಂಭದ ಹಂತದಲ್ಲಿ ಇರುವವರು, ಓದಿದವರು, ತಾವೇ ಸಹಿ ಮಾಡಬಲ್ಲವರು. ನನ್ನ ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ಬಹಳಷ್ಟು ಜನ ಆ ಹಂತವನ್ನು ದಾಟಿರುತ್ತಾರೆ. ಅವರ ರಾತ್ರಿಯ ಚಡಪಡಿಕೆಗೆ, ನುಂಗುವ ತೊಂದರೆಗೆ, ನೋವನ್ನು ಹೇಳಲಾರದ ಸ್ಥಿತಿಗೆ ನಾನು ಕೊಡುವ ಚಿಕಿತ್ಸೆಯ ಆಧಾರವೆಲ್ಲ ಬೇರೆ ಬಗೆಯ ರೋಗಿಗಳಿಂದ ಬಂದದ್ದು.

ಅಪಘಾತದಲ್ಲಿ ತಲೆಗೆ ಪೆಟ್ಟಾದವರ ಉದಾಹರಣೆ ಇನ್ನೂ ಕಠಿಣ. ಅಂತಹವರಿಗೆ ಸ್ಟೀರಾಯ್ಡ್ ಕೊಡುವ ರೂಢಿ ದಶಕಗಳ ಕಾಲ ಅನೇಕ ದೇಶಗಳಲ್ಲಿತ್ತು. ಅದು ಒಳ್ಳೆಯದೆಂದೇ ಎಲ್ಲರೂ ನಂಬಿದ್ದರು. ಕ್ರ್ಯಾಶ್ ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ 10,008 ಗಾಯಾಳುಗಳನ್ನು ಸೇರಿಸಿ ನೋಡಿದಾಗ, ಎರಡು ವಾರಗಳೊಳಗೆ ಸತ್ತವರ ಪ್ರಮಾಣ ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡಾ 21.1, ಪಡೆಯದವರಲ್ಲಿ ಶೇಕಡಾ 17.9 ಎಂದು 2004ರಲ್ಲಿ ಪ್ರಕಟವಾಯಿತು. ಆ ಗಾಯಾಳುಗಳಲ್ಲಿ ಹೆಚ್ಚಿನವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅವರನ್ನು ಕಾಪಾಡಬೇಕೆಂದು ಸಂಶೋಧನೆಯಿಂದ ಹೊರಗಿಟ್ಟಿದ್ದರೆ ನಾವು ಇಂದಿಗೂ ಆ ಚುಚ್ಚುಮದ್ದನ್ನು ಒಳ್ಳೆಯ ಮನಸ್ಸಿನಿಂದ ಕೊಡುತ್ತಲೇ ಇರುತ್ತಿದ್ದೆವು. ಸಂಶೋಧನೆ ಮಾಡದಿರುವುದೂ ಒಂದು ಪ್ರಯೋಗವೇ. ಅದಕ್ಕೆ ನೀತಿ ಸಮಿತಿ ಇರುವುದಿಲ್ಲ ಅಷ್ಟೆ.

ಮನೋವೈದ್ಯಕೀಯ ಸಮಾಜಕಾರ್ಯಕರ್ತೆ (ನಿವೃತ್ತ)

ವೈದ್ಯರ ಮಾತಿನಲ್ಲಿ ಸತ್ಯವಿದೆ. ಆದರೆ ಈ ಚರ್ಚೆ ಮೊದಲ ಮೆಟ್ಟಿಲನ್ನು ಬಿಟ್ಟು ಎರಡನೆಯದರ ಮೇಲೆ ನಿಂತಿದೆ ಎಂದು ನನಗೆ ಅನ್ನಿಸುತ್ತದೆ. ಯಾರ ಸಹಿ ಎಂದು ಕೇಳುವ ಮೊದಲು, ಆ ವ್ಯಕ್ತಿಗೆ ನಿಜವಾಗಿಯೂ ಆಗುವುದಿಲ್ಲವೇ ಎಂದು ಯಾರಾದರೂ ಕುಳಿತು ನೋಡಿದ್ದಾರೆಯೇ?

ನಮ್ಮ ಆಸ್ಪತ್ರೆಗಳ ರೂಢಿ ಎಲ್ಲರಿಗೂ ಗೊತ್ತು. ರೋಗಿ ಎದುರಿಗೇ ಕುಳಿತಿದ್ದರೂ "ಪೇಷೆಂಟ್ ಕಡೆಯವರು ಯಾರು?" ಎಂಬ ಕೂಗು ಮೊದಲು ಬರುತ್ತದೆ. ಮುಂದಿನ ಮಾತುಕತೆಯೆಲ್ಲ ಅವರ ಜೊತೆಗೇ. ಚಿಕಿತ್ಸೆಯಲ್ಲಿ ಬೆಳೆದ ಈ ಅಭ್ಯಾಸ ಸಂಶೋಧನೆಗೂ ಹರಿದು ಬಂದಿದೆ. ಸ್ಕಿಜೋಫ್ರೇನಿಯಾ ಎಂದು ಕೇಸ್ ಶೀಟಿನಲ್ಲಿ ಬರೆದಿದ್ದರೆ ಸಾಕು, ಆ ವ್ಯಕ್ತಿಯ ಕೈಗೆ ಒಪ್ಪಿಗೆ ಪತ್ರ ಕೊಡುವ ಗೋಜಿಗೇ ಹೋಗದೆ ಅಣ್ಣನ ಕೈಗೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ: ಮಾನಸಿಕ ಕಾಯಿಲೆ ಇದೆ ಎಂಬುದರಿಂದಲೇ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಭಾವಿಸುವಂತಿಲ್ಲ, ಅದನ್ನು ಹೇಳಬೇಕಾದದ್ದು ನ್ಯಾಯಾಲಯ. ಚಿಕಿತ್ಸೆಯ ನಿರ್ಧಾರಕ್ಕೆ ಕಾಯ್ದೆಯ 4ನೆಯ ಕಲಮು ಕೇಳುವುದು ಇಷ್ಟೇ: ಸಂಬಂಧಪಟ್ಟ ಮಾಹಿತಿ ಅರ್ಥವಾಗಬೇಕು, ಅಥವಾ ನಿರ್ಧಾರದ ಪರಿಣಾಮ ತಿಳಿಯಬೇಕು, ಅಥವಾ ನಿರ್ಧಾರವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಲು ಆಗಬೇಕು. ಆ ನಿರ್ಧಾರ ನಮಗೆ ತಪ್ಪಾಗಿ ಕಂಡರೆ ಅದೇ ಅಸಾಮರ್ಥ್ಯಕ್ಕೆ ಸಾಕ್ಷಿಯಲ್ಲ ಎಂದೂ ಅದೇ ಕಲಮು ಹೇಳುತ್ತದೆ.

ಸಂಶೋಧನೆಗೆ ಒಪ್ಪುವ ಸಾಮರ್ಥ್ಯವನ್ನು ಅಳೆಯಲು ಪ್ರತ್ಯೇಕ ಸಾಧನಗಳಿವೆ. ಅಮೆರಿಕದ ತಜ್ಞರಾದ ಆಪಲ್‌ಬಾಮ್ ಮತ್ತು ಗ್ರಿಸೊ ರೂಪಿಸಿದ ಮ್ಯಾಕ್‌ಕ್ಯಾಟ್ ಸಂದರ್ಶನವು ಅರ್ಥಮಾಡಿಕೊಳ್ಳುವುದು, ತನಗೆ ಅನ್ವಯಿಸಿಕೊಳ್ಳುವುದು, ತೂಗಿ ನೋಡುವುದು, ಆಯ್ಕೆ ತಿಳಿಸುವುದು ಎಂಬ ನಾಲ್ಕನ್ನೂ ಪರಿಶೀಲಿಸುತ್ತದೆ. 10 ಪ್ರಶ್ನೆಗಳ ಇನ್ನೊಂದು ಚಿಕ್ಕ ಪಟ್ಟಿಯೂ ಬಳಕೆಯಲ್ಲಿದೆ. ಇವುಗಳಲ್ಲಿ ಎರಡನೆಯ ಅಂಶವೇ ಬಹುಪಾಲು ಎಡವುವ ಜಾಗ. ಇಬ್ಬರಲ್ಲಿ ಒಬ್ಬರಿಗೆ ನಿಜವಾದ ಮಾತ್ರೆ, ಇನ್ನೊಬ್ಬರಿಗೆ ಔಷಧವಿಲ್ಲದ ಮಾತ್ರೆ ಎಂಬುದನ್ನು ಚೆನ್ನಾಗಿ ವಿವರಿಸಿದವರೂ, "ಆದರೆ ಡಾಕ್ಟರು ನನಗೆ ಒಳ್ಳೆಯದನ್ನೇ ಕೊಡುತ್ತಾರೆ" ಎಂದು ಮುಗಿಸುತ್ತಾರೆ. ಇದು ಕಾಯಿಲೆಯ ಲಕ್ಷಣವೇನಲ್ಲ, ಹೃದ್ರೋಗದ ಪ್ರಯೋಗಕ್ಕೆ ಸೇರುವ ಎಂಜಿನಿಯರರೂ ಹೀಗೆಯೇ ನಂಬುತ್ತಾರೆ. ಹೀಗಾಗಿ ಮಾನಸಿಕ ಕಾಯಿಲೆ ಇರುವವರಿಗೆ ಮಾತ್ರ ಪರೀಕ್ಷೆ ಇಟ್ಟು ಉಳಿದವರನ್ನು ಹಾಗೆಯೇ ಬಿಡುವುದರಲ್ಲಿ ಒಂದು ಅನ್ಯಾಯವಿದೆ.

ಎಂ.ಎಂ.ಎಸ್.ಇ., ಅಂದರೆ ನೆನಪು, ಸ್ಥಳ-ಕಾಲಗಳ ಅರಿವು ಮುಂತಾದವನ್ನು ನೋಡುವ ಚಿಕ್ಕ ಪರೀಕ್ಷೆಯ ಅಂಕ ಇಷ್ಟಕ್ಕಿಂತ ಕಡಿಮೆ ಇದ್ದರೆ ಒಪ್ಪಿಗೆ ಮನೆಯವರಿಂದ ಎಂದು ಬರೆಯುವ ಪ್ರೋಟೋಕಾಲುಗಳನ್ನು ಸಮಿತಿಗಳು ವಾಪಸು ಕಳಿಸಬೇಕು. ಇವತ್ತು ಯಾವ ವಾರ ಎಂದು ಹೇಳಲಾರದ ಅಜ್ಜಿಗೂ, ತನ್ನ ಬೆನ್ನಿಗೆ ಸೂಜಿ ಬೇಡ ಎಂಬುದು ಸ್ಪಷ್ಟವಾಗಿ ತಿಳಿದಿರಬಹುದು. ಸಾಮರ್ಥ್ಯವನ್ನು ಆ ಒಂದು ನಿರ್ಧಾರಕ್ಕೆ, ಆ ಒಂದು ಹೊತ್ತಿನಲ್ಲಿ ಅಳೆಯಬೇಕು. ಡಿಮೆನ್ಷಿಯಾ ಇರುವ ಅನೇಕರಲ್ಲಿ ಬೆಳಗಿನ ಹೊತ್ತು ಇರುವ ಸ್ಪಷ್ಟತೆ ಸಂಜೆಗೆ ಇರುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ, ಊಟವಿಲ್ಲದೆ ಸಾಲಿನಲ್ಲಿ ಕಾದು ದಣಿದವರನ್ನು ಕರೆದು ಕೇಳಿದರೆ ಯಾರ ಸಾಮರ್ಥ್ಯವೂ ಕುಸಿದಂತೆಯೇ ಕಾಣುತ್ತದೆ.

ಇನ್ನು ಒಪ್ಪಿಗೆ ಪತ್ರದ ಕನ್ನಡ. ಅದರ ಬಗ್ಗೆ ಬರೆಯತೊಡಗಿದರೆ ಬೇರೆಯೇ ಚರ್ಚೆ ಆಗುತ್ತದೆ. ಪ್ರಾಧ್ಯಾಪಕರಿಗೂ ಎರಡು ಸಲ ಓದದೆ ತಿಳಿಯದ ವಾಕ್ಯಗಳನ್ನು ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದವರ ಮುಂದೆ ಇಟ್ಟು, ಅರ್ಥವಾಗದಿದ್ದರೆ ಅವರಿಗೆ ಸಾಮರ್ಥ್ಯವಿಲ್ಲ ಎಂದು ಬರೆದುಕೊಳ್ಳುವುದು ಎಷ್ಟು ಸರಿ?

ರಾಜಾಜಿನಗರದ ತಾಯಿ

ನನ್ನ ಮಗನಿಗೆ ಇಪ್ಪತ್ತಾರು ವರ್ಷ, ಬೌದ್ಧಿಕ ಅಂಗವೈಕಲ್ಯ ಇದೆ. ಮೇಲೆ ವಿವರಿಸಿದ ಕಾಯ್ದೆಯ ರಕ್ಷಣೆ ಅವನಿಗೆ ಸಿಗುವುದಿಲ್ಲ, ಏಕೆಂದರೆ ಮನಸ್ಸಿನ ಬೆಳವಣಿಗೆ ಅಪೂರ್ಣವಾಗಿರುವ ಸ್ಥಿತಿಯನ್ನು ಆ ಕಾಯ್ದೆ ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅವನು ಬರುವುದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಕೆಳಗೆ. ಅದರ 6ನೆಯ ಕಲಮು ಎರಡು ಷರತ್ತು ಹಾಕುತ್ತದೆ: ಆ ವ್ಯಕ್ತಿಗೆ ತಲುಪುವ ರೀತಿಯಲ್ಲಿ, ಅವನಿಗೆ ತಿಳಿಯುವ ಸಂವಹನದ ಮೂಲಕ ಪಡೆದ ಅವನದೇ ಒಪ್ಪಿಗೆ ಬೇಕು, ಜೊತೆಗೆ ಸರ್ಕಾರ ರಚಿಸುವ ಅಂಗವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿ ಬೇಕು. ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಸ್ವತಃ ಅಂಗವಿಕಲರು ಅಥವಾ ಅವರ ನೋಂದಾಯಿತ ಸಂಘಟನೆಗಳವರು ಆಗಿರಬೇಕು. ಪ್ರತಿನಿಧಿಯ ಸಹಿ ಎಂಬ ಮಾತೇ ಅಲ್ಲಿಲ್ಲ.

ವಾಸ್ತವದಲ್ಲಿ ನಡೆಯುವುದು ಏನೆಂದರೆ, ಪ್ರತಿ ವರ್ಷ ಜನವರಿಯ ನಂತರ ಪ್ರಬಂಧ ಮುಗಿಸುವ ಗಡಿಬಿಡಿಯಲ್ಲಿ ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ವಿಶೇಷ ಶಾಲೆಗಳಿಗೂ ತರಬೇತಿ ಕೇಂದ್ರಗಳಿಗೂ ಬರುತ್ತಾರೆ. ಮುಖ್ಯಸ್ಥರು ಎಲ್ಲರ ಪರವಾಗಿ ಒಂದು ಅನುಮತಿ ಪತ್ರ ಕೊಡುತ್ತಾರೆ. ಪಾಲಕರಿಗೆ ತಿಳಿಯುವುದು ಆಮೇಲೆ, ತಿಳಿದರೆ. ನನ್ನ ಮಗನಿಗೆ ತಿಳಿಯುವುದೇ ಇಲ್ಲ. ಇದು ಒಂದು ಕೇಂದ್ರದ ಮಾತಲ್ಲ, ಪಾಲಕರ ಸಭೆಗಳಲ್ಲಿ ಎಲ್ಲರೂ ಹೇಳುವ ಮಾತು.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಸ್ಥಳೀಯ ಮಟ್ಟದ ಸಮಿತಿಯಿಂದ ನಾನು ಅವನ ಕಾನೂನುಬದ್ಧ ಪಾಲಕಳಾಗಿ ನೇಮಕಗೊಂಡಿದ್ದೇನೆ. ಹಾಗಾಗಿ ನನ್ನ ಸಹಿ ಸಾಕು ಎಂದು ಹೇಳುವವರಿದ್ದಾರೆ. ನಾನು ಹಾಗೆ ತಿಳಿದಿಲ್ಲ. ಬೇಡ ಎಂದು ಹೇಳಲು ನನ್ನ ಮಗನಿಗೆ ಮಾತು ಬೇಕಾಗಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕುಳಿತುಬಿಡುತ್ತಾನೆ. ಅದನ್ನು ನೋಡಿಯೂ "ಸ್ವಲ್ಪ ಸಮಾಧಾನ ಮಾಡಿ ಮೇಡಂ, ಇನ್ನು ಐದೇ ಪ್ರಶ್ನೆ" ಎನ್ನುವವರಿಗೆ ನನ್ನ ಸಹಿ ಒಂದು ಆಯುಧವಾಗಿಬಿಡುತ್ತದೆ.

ಆದರೂ ವೈದ್ಯರ ಕಡೆಗೂ ಒಂದು ಮಾತು ಹೇಳಬೇಕು. ಅವನಿಗೆ ಮೂರ್ಛೆರೋಗದ ಮಾತ್ರೆ ನಡೆಯುತ್ತಿದೆ. ಇವನಂತಹವರ ಮೇಲೆ ಆ ಮಾತ್ರೆಯ ಪರಿಣಾಮ ಏನು ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಕಾಪಾಡುತ್ತೇವೆ ಎಂದು ಅವನನ್ನು ಎಲ್ಲ ಸಂಶೋಧನೆಯಿಂದ ಹೊರಗಿಡುವುದನ್ನೂ ನಾನು ಒಪ್ಪಲಾರೆ. ಅವನನ್ನು ಕೇಳಿ, ಅವನಿಗೆ ಗೊತ್ತಾಗುವಂತೆ ಕೇಳಿ, ಬೇಡ ಎಂದರೆ ನಿಲ್ಲಿಸಿ.

ಸಂಶೋಧನಾ ವಿದ್ಯಾರ್ಥಿನಿ

ಮೇಡಂ ಬರೆದದ್ದನ್ನು ಓದಿ, ಪ್ರಶ್ನಾವಳಿ ಹಿಡಿದು ಹೋಗುವವರ ಗುಂಪಿಗೇ ಸೇರಿದವಳಾಗಿ, ಒಂದು ಸಂದೇಹವನ್ನು ವಕೀಲರ ಮುಂದಿಡುತ್ತೇನೆ. 99ನೆಯ ಕಲಮಿನ ಮೊದಲ ಭಾಗದಲ್ಲಿ ಸಂದರ್ಶನದ ಹೆಸರಿದೆ. ಒಪ್ಪಿಗೆ ಕೊಡಲಾಗದವರ ವಿಷಯ ಬರುವ ಎರಡನೆಯ ಭಾಗದಲ್ಲಿ ಸಂದರ್ಶನ ಇಲ್ಲ, ಪ್ರಯೋಗಗಳು ಮಾತ್ರ ಇವೆ. ಹಾಗಾದರೆ ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿರುವ ವ್ಯಕ್ತಿಯೊಂದಿಗೆ ಬರಿಯ ಮಾತುಕತೆಯ ಅಧ್ಯಯನ ಮಾಡಬೇಕೆಂದರೆ ದಾರಿ ಯಾವುದು? ಔಷಧ ಕೊಡಲು ಪ್ರಾಧಿಕಾರದ ಬಾಗಿಲಿದೆ, ಮಾತನಾಡಿಸಲು ಇಲ್ಲ ಎಂದಾಗುವುದಿಲ್ಲವೇ?

ಮಲ್ಲೇಶ್ವರದ ವಕೀಲೆ

ಅಕ್ಷರಶಃ ಓದಿದರೆ ಹಾಗೆಯೇ ಆಗುತ್ತದೆ, ಮತ್ತು ಅದು ಕರಡು ಬರೆದವರ ಗಮನಕ್ಕೆ ಬಂದಿರಲಾರದು ಎಂದು ನನ್ನ ಅಭಿಪ್ರಾಯ. ಮೊದಲ ಉಪಕಲಮು ಎಲ್ಲರಿಂದಲೂ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಅದಕ್ಕೆ ವಿನಾಯಿತಿಯ ರೂಪದಲ್ಲಿ ಬಂದ ಎರಡನೆಯದು ಸಂದರ್ಶನವನ್ನು ಒಳಗೊಳ್ಳುವುದಿಲ್ಲ. ಎಚ್ಚರಿಕೆಯ ಮಾರ್ಗವೆಂದರೆ ಪ್ರಾಧಿಕಾರಕ್ಕೆ ಬರೆದು ಕೇಳುವುದು. ಇದೇ ಕಲಮು ಕೇಸ್ ಶೀಟುಗಳನ್ನು ಆಧರಿಸಿದ ಅಧ್ಯಯನಕ್ಕೆ, ವ್ಯಕ್ತಿಯ ಗುರುತು ಬಯಲಾಗದಂತೆ ನೋಡಿಕೊಂಡರೆ, ಈ ನಿರ್ಬಂಧಗಳಿಂದ ವಿನಾಯಿತಿ ಕೊಡುತ್ತದೆ. ಹೀಗಾಗಿ ಅನೇಕ ಪ್ರಬಂಧಗಳು ರೋಗಿಯನ್ನು ಕಾಣದೆಯೇ ರೋಗಿಯ ಕುರಿತು ಬರೆಯಲ್ಪಡುತ್ತವೆ. ಇದೊಂದು ವಿಪರ್ಯಾಸ, ಇರಲಿ.

ರಾಜಾಜಿನಗರದ ಮೇಡಂ ಎತ್ತಿದ ಪ್ರತಿರೋಧದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಇಡೀ ಕಾನೂನಿನ ತಿರುಳು ಅದರಲ್ಲಿದೆ. ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯಲ್ಲಿ ಮನೆಯವರು ಒಪ್ಪಿಗೆ ಕೊಡುವವರಲ್ಲ, ಸಲಹೆ ಕೊಡುವವರು. ಈ ವ್ಯಕ್ತಿಗೆ ಸಾಮರ್ಥ್ಯವಿದ್ದಿದ್ದರೆ ಏನು ಹೇಳುತ್ತಿದ್ದರು ಎಂಬುದನ್ನು ಸಂಶೋಧಕರಿಗೆ ತಿಳಿಸುವವರು. ಅಧ್ಯಯನ ನಡೆಯುತ್ತಿರುವಾಗ ವ್ಯಕ್ತಿಯು ಯಾವುದೇ ರೀತಿಯಲ್ಲಿ ವಿರೋಧ ತೋರಿದರೆ, ಅದು ಅವರನ್ನು ಹಾನಿಯಿಂದ ಕಾಪಾಡಲು ಮಾಡುತ್ತಿರುವುದಲ್ಲದಿದ್ದರೆ, ಮುಂದುವರಿಸುವಂತಿಲ್ಲ. ಔಷಧ ಪ್ರಯೋಗಗಳಿಗೆ ಅಲ್ಲಿ ಬೇರೆ ನಿಯಮಗಳಿವೆ. ವೈದ್ಯಕೀಯ ಸಂಶೋಧನೆಯ ನೀತಿಗಳ ಕುರಿತ ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆಯೂ ಒಪ್ಪಿಗೆ ಕೊಡಲಾಗದ ವ್ಯಕ್ತಿಯ ಅಸಮ್ಮತಿಯನ್ನು ಗೌರವಿಸಬೇಕೆಂದೇ ಹೇಳುತ್ತದೆ. ನಮ್ಮ 99ನೆಯ ಕಲಮಿನಲ್ಲಿ ಪ್ರತಿರೋಧ ತೋರದಿರುವುದು ಆರಂಭದಲ್ಲೇ ಇರಬೇಕಾದ ಷರತ್ತು. ಆದರೆ ಮಧ್ಯದಲ್ಲಿ ಹಿಂದೆಗೆಯುವ ಹಕ್ಕನ್ನು ಒಪ್ಪಿಗೆ ಕೊಟ್ಟವರ ಕೈಯಲ್ಲಿಟ್ಟಿದೆ. ಒಪ್ಪಿಗೆ ಕೊಟ್ಟದ್ದು ಅಣ್ಣನಾದರೆ, ಮೂರನೆಯ ತಿಂಗಳಲ್ಲಿ ಮುಖ ತಿರುಗಿಸುವ ತಮ್ಮನಿಗೆ ಆ ಹಕ್ಕು ಇದೆಯೇ? ಇದೆ ಎಂದೇ ಓದಬೇಕು, ಮತ್ತು ಪ್ರೋಟೋಕಾಲಿನಲ್ಲಿ ಅದನ್ನು ಬರೆಸಬೇಕು.

ಇಷ್ಟೊಂದು ಬಿಗಿ ಏಕೆ ಎಂದು ಕೇಳುವವರು ವಿಲ್ಲೋಬ್ರೂಕ್ ನೆನಪಿಸಿಕೊಳ್ಳಬೇಕು. ನ್ಯೂಯಾರ್ಕಿನ ಆ ಸರ್ಕಾರಿ ಆಶ್ರಯದಲ್ಲಿ 1950ರ ದಶಕದಿಂದ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ಉದ್ದೇಶಪೂರ್ವಕವಾಗಿ ಹೆಪಟೈಟಿಸ್ ಸೋಂಕು ತಗುಲಿಸಿ ಅಧ್ಯಯನ ಮಾಡಲಾಯಿತು. ಅಲ್ಲಿ ಪಾಲಕರ ಸಹಿ ಇತ್ತು. ಜಾಗ ಭರ್ತಿಯಾಗಿದ್ದ ಕಾಲದಲ್ಲಿ ಸಂಶೋಧನಾ ವಿಭಾಗದ ಮೂಲಕ ಮಾತ್ರ ಪ್ರವೇಶ ಸಿಗುತ್ತಿತ್ತು ಎಂಬುದು ಆ ಸಹಿಯ ಹಿಂದಿನ ಕಥೆ. ಆ ದೇಶದಲ್ಲಿ 1978ರಲ್ಲಿ, ಸಂಶೋಧನೆಗೆ ಒಳಗಾಗುವ ಮನುಷ್ಯರ ರಕ್ಷಣೆಗೆಂದು ರಚಿಸಿದ್ದ ರಾಷ್ಟ್ರೀಯ ಆಯೋಗವು ಮಾನಸಿಕ ಸಂಸ್ಥೆಗಳಲ್ಲಿರುವವರಿಗಾಗಿ ಪ್ರತ್ಯೇಕ ನಿಯಮಗಳನ್ನು ಶಿಫಾರಸು ಮಾಡಿತು. ಮಕ್ಕಳಿಗೂ ಕೈದಿಗಳಿಗೂ ನಿಯಮಗಳು ಬಂದವು, ಇವರಿಗೆ ಮಾತ್ರ ಬರಲಿಲ್ಲ.

ಬಸವನಗುಡಿ ಓದುಗ

ಪಾಲಕರ ಸಹಿ ಇತ್ತು ಎಂಬ ಮಾತು ನನ್ನ ಪ್ರಶ್ನೆಯನ್ನೇ ಬದಲಿಸಿದೆ. ನಮ್ಮ ಮುಂದಿರುವ ಪ್ರಸ್ತಾವದಲ್ಲಿ ಎಂ.ಆರ್.ಐ. ಉಚಿತ, ಔಷಧ ಉಚಿತ, ಹೋಗಿಬರುವ ಆಟೋ ಖರ್ಚೂ ಸಿಗುತ್ತದೆ. ತಿಂಗಳ ಔಷಧಕ್ಕೇ ಪಿಂಚಣಿ ಖಾಲಿಯಾಗುವ ಮನೆಯಲ್ಲಿ ಮಗಳು ಸಹಿ ಹಾಕುವಾಗ ಅವಳ ಮುಂದಿರುವುದು ತಂದೆಯ ಇಚ್ಛೆಯೋ, ಮನೆಯ ಲೆಕ್ಕವೋ? ಅವಳನ್ನು ದೂರಲು ನನಗೆ ಮನಸ್ಸಿಲ್ಲ. ಇದನ್ನು ಸಮಿತಿ ಹೇಗೆ ನೋಡಬೇಕು?

ವಿಜಯನಗರದಿಂದ ಒಬ್ಬ ಮಗಳು

ಅಂತಹ ಮಗಳೇ ಉತ್ತರ ಕೊಡುತ್ತಿದ್ದಾಳೆ ಎಂದು ತಿಳಿಯಿರಿ. ನಮ್ಮ ತಂದೆ ಚೆನ್ನಾಗಿದ್ದಾಗಲೇ ಹಿರಿಯರ ಮಿದುಳಿನ ಆರೋಗ್ಯದ ಒಂದು ದೀರ್ಘಾವಧಿ ಅಧ್ಯಯನಕ್ಕೆ ತಾವಾಗಿ ಸೇರಿದರು, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು. ಈಗ ಅವರಿಗೆ ನನ್ನ ಹೆಸರೂ ಕೆಲವು ದಿನ ಮಾತ್ರ ನೆನಪಿರುತ್ತದೆ. ಅಧ್ಯಯನದವರು ಮುಂದಿನ ಭೇಟಿಗೆ ಕರೆದಾಗ, ಸೇರಿದ ಆ ತಂದೆಯ ಮಾತು ನಡೆಯಬೇಕೋ, ಈಗ ಮನೆಯಿಂದ ಹೊರಡಲು ಒಲ್ಲದೆ ಚಪ್ಪಲಿ ಬಚ್ಚಿಡುವ ತಂದೆಯ ಮಾತು ನಡೆಯಬೇಕೋ ಎಂದು ನನಗೆ ನಿಜವಾಗಿಯೂ ತಿಳಿಯಲಿಲ್ಲ. ರಕ್ತ ಕೊಡುವುದನ್ನು ನಿಲ್ಲಿಸಿದೆವು, ಮೊದಲು ಕೊಟ್ಟ ಮಾಹಿತಿಯನ್ನು ಬಳಸಿಕೊಳ್ಳಲು ಹೇಳಿದೆವು. ದುಡ್ಡಿನ ಪ್ರಶ್ನೆಗೆ ಉತ್ತರ: ಹೌದು, ಲೆಕ್ಕ ಮನಸ್ಸಿನಲ್ಲಿ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೇಡ ಎಂದರೆ ಮುಂದೆ ಡಾಕ್ಟರು ಸರಿಯಾಗಿ ನೋಡುತ್ತಾರೋ ಇಲ್ಲವೋ ಎಂಬ ಭಯ ಇರುತ್ತದೆ. ಚಿಕಿತ್ಸೆ ಕೊಡುವ ಡಾಕ್ಟರೇ ಬಂದು ಸಂಶೋಧನೆಗೆ ಕೇಳಬಾರದು.

ನರರೋಗ ವೈದ್ಯ, ಬೆಂಗಳೂರು ದಕ್ಷಿಣ

ಕೊನೆಯ ವಾಕ್ಯವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ನನಗೇ ಅನಾನುಕೂಲವಾದರೂ.

ಅವರು ಹೇಳಿದ ಸಮಸ್ಯೆ ಮುಂದಿನ ದಿನಗಳಲ್ಲಿ ದೊಡ್ಡದಾಗಲಿದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ 10,000 ಗ್ರಾಮೀಣರನ್ನು ದೀರ್ಘಕಾಲ ಗಮನಿಸುವ ಗುರಿಯ ಅಧ್ಯಯನ ನಡೆಸುತ್ತಿದೆ. ಇಂತಹ ಯಾವುದೇ ಅಧ್ಯಯನದಲ್ಲಿ ಸ್ವಸ್ಥರಾಗಿ ಸೇರಿದವರಲ್ಲಿ ಒಂದಷ್ಟು ಜನ ಮುಂದೆ ಸಾಮರ್ಥ್ಯ ಕಳೆದುಕೊಳ್ಳುವುದು ನಿರೀಕ್ಷಿತ. ಅದನ್ನು ತಿಳಿಯುವುದೇ ಅಧ್ಯಯನದ ಉದ್ದೇಶ. ಹಾಗಿರುವಾಗ ಸೇರುವ ದಿನವೇ, ಮುಂದೆ ನನಗೆ ನಿರ್ಧರಿಸಲು ಆಗದಿದ್ದರೆ ಇಷ್ಟರವರೆಗೆ ಮುಂದುವರಿಸಿ, ಇಂತಹವರನ್ನು ಕೇಳಿ, ಸೂಜಿ ಬೇಡ, ಮಾತು ಸಾಕು ಎಂದು ಬರೆಸಿಕೊಳ್ಳುವುದು ಕಷ್ಟವಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮುಂಗಡ ನಿರ್ದೇಶನ, ಅಂದರೆ ಮುಂದೆ ತನಗೆ ಏನು ಬೇಕು, ಏನು ಬೇಡ ಎಂದು ಮೊದಲೇ ಬರೆದಿಡುವ ಪತ್ರ, ಆರೈಕೆ ಮತ್ತು ಚಿಕಿತ್ಸೆಗೆ ಸಂಬಂಧಿಸಿದ್ದು, ಸಂಶೋಧನೆಯ ಮಾತು ಅದರಲ್ಲಿಲ್ಲ. ಆದರೂ ಇಂತಹ ಬರಹವನ್ನು ವ್ಯಕ್ತಿಯ ಇಚ್ಛೆಯ ಸಾಕ್ಷಿಯಾಗಿ ಇಟ್ಟುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ತುರ್ತು ಚಿಕಿತ್ಸೆಯ ಸಂಶೋಧನೆಗೆ ಇದು ಯಾವುದೂ ನಡೆಯುವುದಿಲ್ಲ ಎಂಬುದನ್ನು ಮತ್ತೆ ಹೇಳುತ್ತೇನೆ. ಪಾರ್ಶ್ವವಾಯು ಬಡಿದವರನ್ನು ಸಿಲ್ಕ್ ಬೋರ್ಡ್ ದಾಟಿಸಿ ತರುವುದರಲ್ಲೇ ಅರ್ಧ ಸಮಯ ಹೋಗಿರುತ್ತದೆ. ಅಲ್ಲಿ ಪ್ರಾಧಿಕಾರಕ್ಕೆ ಅರ್ಜಿ ಹಾಕುವ ಮಾತು ಹಾಸ್ಯಾಸ್ಪದ. ಅಂತಹ ಸಂದರ್ಭಕ್ಕೆ ನಮ್ಮ ಔಷಧ ಪ್ರಯೋಗದ ನಿಯಮಗಳಲ್ಲಿ ಪ್ರತ್ಯೇಕ ಮಾರ್ಗ ಬೇಕು. ಪ್ರಜ್ಞೆ ಅಥವಾ ಸಾಮರ್ಥ್ಯ ಮರಳಿದ ಮೇಲೆ ಆ ವ್ಯಕ್ತಿಯಿಂದಲೇ ಹೊಸದಾಗಿ ಒಪ್ಪಿಗೆ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳಿದೆ. ಅದನ್ನು ಮಾತ್ರ ಯಾವ ನೆಪದಿಂದಲೂ ಬಿಡಬಾರದು.

ಮನೋವೈದ್ಯಕೀಯ ಸಮಾಜಕಾರ್ಯಕರ್ತೆ (ನಿವೃತ್ತ)

ವಿಡಿಯೋ ದಾಖಲೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಔಷಧ ಪ್ರಯೋಗಗಳ ಕುರಿತ ಸ್ವಾಸ್ಥ್ಯ ಅಧಿಕಾರ ಮಂಚ್ ಪ್ರಕರಣದಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದ ನಂತರ, ಒಪ್ಪಿಗೆ ಪಡೆಯುವ ಪ್ರಕ್ರಿಯೆಯ ಧ್ವನಿ-ದೃಶ್ಯ ಮುದ್ರಣ ಕಡ್ಡಾಯವಾಯಿತು. ಈಗಿನ ನಿಯಮಗಳಲ್ಲಿ ಅದು ಹೊಸ ರಾಸಾಯನಿಕ ಅಥವಾ ಹೊಸ ಅಣುವಿನ ಔಷಧಗಳ ಪ್ರಯೋಗದಲ್ಲಿ ದುರ್ಬಲ ಸ್ಥಿತಿಯಲ್ಲಿರುವವರು ಭಾಗವಹಿಸಿದಾಗ ಮಾತ್ರ ಅನ್ವಯಿಸುತ್ತದೆ. ಸದುದ್ದೇಶದ ನಿಯಮವೇ. ಆದರೆ ಜನ ತನ್ನನ್ನು ಗುಟ್ಟಾಗಿ ಗಮನಿಸುತ್ತಿದ್ದಾರೆ ಎಂಬ ಸಂಶಯದಿಂದಲೇ ನರಳುತ್ತಿರುವವರ ಮುಂದೆ ಕ್ಯಾಮೆರಾ ಇಟ್ಟರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಜೊತೆಗೆ, ಕ್ಯಾಮೆರಾ ಹಿಡಿಯುವುದು ಸಂಶೋಧಕರ ಓದನ್ನು. ಎದುರಿನವರು ಅರ್ಥಮಾಡಿಕೊಂಡರೋ ಎಂಬುದು ತಿಳಿಯಬೇಕಾದರೆ ಅವರ ಬಾಯಿಂದಲೇ ಹೇಳಿಸಬೇಕು. ಅಂತಹ ವಿಡಿಯೋಗಳಲ್ಲಿ ಭಾಗವಹಿಸುವವರ ಪಾಲಿನ ಮಾತು ಎಷ್ಟಿದೆ ಎಂದು ಸಮಿತಿಯ ಸದಸ್ಯರು ಒಮ್ಮೆ ಕುಳಿತು ನೋಡಬೇಕು.

ಬಸವನಗುಡಿ ಓದುಗ

ಎಲ್ಲರಿಗೂ ಋಣಿ. ಮುಂದಿನ ಸಭೆಗೆ ನನ್ನ ಟಿಪ್ಪಣಿಯಲ್ಲಿ ಸಾಮರ್ಥ್ಯವನ್ನು ಯಾರು, ಯಾವ ಸಾಧನದಿಂದ, ದಿನದ ಯಾವ ಹೊತ್ತಿನಲ್ಲಿ ನೋಡುತ್ತಾರೆ ಎಂದು ಕೇಳುತ್ತಿದ್ದೇನೆ. ನೋಡುವವರು ಸಂಶೋಧನಾ ತಂಡಕ್ಕೂ ಚಿಕಿತ್ಸೆಗೂ ಸೇರದವರಾಗಿರಲಿ ಎಂದೂ, ಪ್ರತಿ ಭೇಟಿಯಲ್ಲೂ ವಿರೋಧದ ಚಿಹ್ನೆಗಳನ್ನು ಬರೆದಿಡಲಿ ಎಂದೂ, ಪ್ರಾಧಿಕಾರದ ಅನುಮತಿ ಬರುವವರೆಗೆ ಸ್ವತಃ ಒಪ್ಪಬಲ್ಲವರನ್ನು ಮಾತ್ರ ಸೇರಿಸಿಕೊಳ್ಳಲಿ ಎಂದೂ ಬರೆದಿದ್ದೇನೆ. ಬೆನ್ನಿನ ನೀರು ತೆಗೆಯುವ ಭಾಗವನ್ನು ಪ್ರತಿನಿಧಿಯ ಒಪ್ಪಿಗೆಯಿಂದ ಸೇರಿದವರಿಗೆ ಪೂರ್ತಿ ಕೈಬಿಡಬೇಕೆಂಬುದು ನನ್ನ ಇನ್ನೊಂದು ಬೇಡಿಕೆ.

ನರರೋಗ ವೈದ್ಯ, ಬೆಂಗಳೂರು ದಕ್ಷಿಣ

ಕೊನೆಯದೊಂದನ್ನು ಬಿಟ್ಟು ಉಳಿದವು ನ್ಯಾಯವಾಗಿವೆ. ಮಧ್ಯಮ ಹಂತದವರಲ್ಲಿ ಬೆನ್ನಿನ ನೀರಿನ ಪರೀಕ್ಷೆ ಇಲ್ಲದಿದ್ದರೆ, ಆ ತರಬೇತಿ ಯಾವ ಬಗೆಯ ಡಿಮೆನ್ಷಿಯಾದಲ್ಲಿ ಕೆಲಸ ಮಾಡಿತು ಎಂದು ಹೇಳಲು ಕಷ್ಟವಾಗುತ್ತದೆ. ಪೂರ್ತಿ ಕೈಬಿಡುವ ಬದಲು, ಚಿಕಿತ್ಸೆಯ ಭಾಗವಾಗಿ ಹೇಗೂ ಆ ಪರೀಕ್ಷೆ ಆಗಬೇಕಾದವರಿಂದ ಮಾತ್ರ ಹೆಚ್ಚುವರಿ ಮಾದರಿ ಪಡೆಯಲಿ ಎಂದು ಬರೆಯಬಹುದಲ್ಲವೇ?

ರಾಜಾಜಿನಗರದ ತಾಯಿ

ಹಾಗೆ ಬರೆಯುವುದಾದರೆ, ಪರೀಕ್ಷೆ ಆಗಬೇಕು ಎಂದು ತೀರ್ಮಾನಿಸುವ ವೈದ್ಯರು ಅಧ್ಯಯನದಲ್ಲಿ ಇಲ್ಲದವರಾಗಿರಬೇಕು ಎಂಬುದನ್ನೂ ಅದೇ ಸಾಲಿನಲ್ಲಿ ಸೇರಿಸಿ. ಜೊತೆಗೆ ಆ ಸಭೆಗೆ ಡಿಮೆನ್ಷಿಯಾ ಇರುವವರೊಬ್ಬರನ್ನೋ ಅವರನ್ನು ನೋಡಿಕೊಳ್ಳುವವರೊಬ್ಬರನ್ನೋ ಕರೆಯಿರಿ. ರೋಗಿಗಳ ಪ್ರತಿನಿಧಿಯನ್ನು ಆಹ್ವಾನಿಸಲು ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯಲ್ಲೇ ಅವಕಾಶವಿದೆ.

ಬಸವನಗುಡಿ ಓದುಗ

ಎರಡನ್ನೂ ಸೇರಿಸಿದ್ದೇನೆ. ಆಹ್ವಾನದ ವಿಷಯವಾಗಿ ಸದಸ್ಯ ಕಾರ್ಯದರ್ಶಿಯವರಿಗೆ ಇಂದೇ ಪತ್ರ ಬರೆಯುತ್ತೇನೆ. ವಿಜಯನಗರದವರು ಬರಲು ಒಪ್ಪಿದರೆ ದಯವಿಟ್ಟು ತಿಳಿಸಬೇಕು.